ಬಿಡೋಕೆ ತಟ್ಟೆಯಲ್ಲಿ ಏನಿತ್ತು?

ನಮ್ಮ ನಡುವೆ ಒಂದು ಹೊಸ ಸಾಹಿತ್ಯ ಪ್ರಕಾರ ಬೆಳೆದು ನಿಂತಿದೆ. ವಿಮರ್ಶಕರು ಯಾರೂ ಇದನ್ನು ಸಾಹಿತ್ಯ ಅಂತ ಕರೆದಿಲ್ಲ. ಆದರೆ ಕವನ ಸಂಕಲನ ಒಂದೂ ಹೊಕ್ಕಿರದ ಮನೆಗಳಿಗೆ ಇದು ಹೊಕ್ಕಿದೆ. ಓದು ಬಾರದವರು ಓದಿಸಿಕೊಂಡು ಕೇಳುತ್ತಾರೆ. ಕೇಳಿದ ಮೇಲೆ ಅದರಂತೆ ನಡೆಯುತ್ತಾರೆ. ಕೇಳಿದಂತೆ ನಡೆಯುವ ಓದುಗರು ಯಾವ ಕವಿಗೆ ಸಿಕ್ಕಿದ್ದಾರೆ ಹೇಳಿ? ಇದನ್ನು ನಾವು ‘ಗುಣವಾದ ಕಥೆ’ ಅಂತ ಕರೆಯೋಣ.

ಕಥೆ ಹೀಗೆ ಸಾಗುತ್ತದೆ. ಒಬ್ಬ ಹೆಂಗಸಿಗೆ ಕೀಲುಗಳೆಲ್ಲ ಊದಿಕೊಳ್ಳುತ್ತವೆ. ಬೆಳಗ್ಗೆ ಎದ್ದರೆ ಬೆರಳು ಮಡಿಸಲಾಗುವುದಿಲ್ಲ. ಡಾಕ್ಟರು ಇದು ಆಟೋಇಮ್ಯೂನ್ ಕಾಯಿಲೆ, ಬದುಕಿರುವ ತನಕ ಮಾತ್ರೆ ನುಂಗಬೇಕು ಅನ್ನುತ್ತಾರೆ. ಆಕೆ ಅಳುತ್ತಾಳೆ. ಆಗ ಒಬ್ಬ ಗುರುವೋ ಒಂದು ಪುಸ್ತಕವೋ ಎದುರಾಗುತ್ತದೆ. ಮಾಂಸ, ಮೊಟ್ಟೆ, ಹಾಲು, ಗೋಧಿ, ಎಣ್ಣೆ, ಸಕ್ಕರೆ ಎಲ್ಲ ಬಿಟ್ಟು ಸೊಪ್ಪು, ಹಣ್ಣು, ಕಾಳುಗಳ ಮೇಲೆ ನಿಲ್ಲುತ್ತಾಳೆ. ನಡುವೆ ಒಂದು ಮದುವೆ ಮನೆಯಲ್ಲಿ ನಾಲಗೆ ತಡೆಯದೆ ತಿಂದುಬಿಡುತ್ತಾಳೆ. ನೋವು ಮರಳಿ ಬರುತ್ತದೆ. ತಪ್ಪಾಯ್ತು ಅಂತ ಮತ್ತೆ ಪಥ್ಯ ಹಿಡಿಯುತ್ತಾಳೆ. ಕಡೆಗೆ ಮಾತ್ರೆ ಎಸೆದು ಬೆಟ್ಟ ಹತ್ತುತ್ತಾಳೆ.

ಇಂಥ ಒಂದು ಕಿರುಪುಸ್ತಕವನ್ನು ನಮ್ಮ ಹಟ್ಟಿಗೆ ತಂದವರು ನಾವೇ. ನಮ್ಮ ದೊಡ್ಡವ್ವನಿಗೆ ಐದು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಹಟ್ಟಿಯಲ್ಲಿ ಅದಕ್ಕೆ ‘ವಾಯು’ ಅನ್ನುತ್ತಾರೆ. ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವರು ನಾವು, ಆದ್ದರಿಂದ ಓದಿ ಹೇಳುವ ಹಕ್ಕು ನಮ್ಮದಾಯಿತು. ಸಂಜೆ ಜಗಲಿಯಲ್ಲಿ ಕೂತು ಓದಿದೆವು. ಬಿಡಬೇಕಾದ್ದರ ಪಟ್ಟಿಯನ್ನು ಹಳೇ ಕ್ಯಾಲೆಂಡರಿನ ಹಿಂದೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ದೊಡ್ಡವ್ವ ಪಟ್ಟಿಯನ್ನು ಕೇಳಿ, ‘ಇದ್ರಲ್ಲಿ ಬುಡಕೆ ನಮ್ಮ ತಟ್ಟೇಲಿ ಏನದೆ ಮಗ?’ ಅಂದಳು. ನಾವು ನಕ್ಕೆವು. ಆ ಪ್ರಶ್ನೆ ಆವತ್ತೇ ನಮ್ಮ ಕಿವಿಗೆ ಬಿದ್ದಿದ್ದರೆ ಈ ಲೇಖನ ಬರೆಯುವ ಅಗತ್ಯ ಬರುತ್ತಿರಲಿಲ್ಲ.

ಆಕೆ ಬಾಡು ಬಿಟ್ಟಳು, ಮೊಟ್ಟೆ ಬಿಟ್ಟಳು, ಜತೆಗೆ ಮಾತ್ರೆಯನ್ನೂ ಬಿಟ್ಟಳು. ಮೊದಲ ಮೂರು ವಾರ ಹಗುರಾಗಿದ್ದಳು. ಪುಸ್ತಕ ಸತ್ಯ ಅಂತ ನಾವು ಹಟ್ಟಿಗೆಲ್ಲ ಸಾರಿದೆವು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯ ಗುಣ, ಬಿಟ್ಟ ಮೇಲೂ ಕೆಲವು ವಾರ ಮೈಯಲ್ಲಿ ಉಳಿದಿರುತ್ತದೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ಮೂರನೇ ತಿಂಗಳಿಗೆ ಆಕೆ ಚೊಂಬು ಎತ್ತಲಾರದೆ ಹೋದಳು. ಬಲಗೈಯ ಎರಡು ಬೆರಳು ಆಮೇಲೆ ನೆಟ್ಟಗಾಗಲೇ ಇಲ್ಲ.

ಪುರಾಣವನ್ನು ಪ್ರಶ್ನೆ ಮಾಡಲು ಕಲಿತ ನಾವು ಇದನ್ನು ಹೇಗೆ ನಂಬಿದೆವು? ಈ ಪ್ರಶ್ನೆಯೇ ಈ ವಿಮರ್ಶೆಗೆ ಕಾರಣ.

1

ಗುಣವಾದ ಕಥೆಯ ಮೈಯನ್ನು ಬಿಡಿಸಿ ನೋಡಿದರೆ ಒಳಗಿರುವುದು ವ್ರತಕಥೆ. ಸತ್ಯನಾರಾಯಣ ವ್ರತಕಥೆಯನ್ನು ನೆನಪಿಸಿಕೊಳ್ಳಿ. ವರ್ತಕನಿಗೆ ಕಷ್ಟ ಬರುತ್ತದೆ, ವ್ರತ ಹಿಡಿದರೆ ಕಳೆಯುತ್ತದೆ, ಮರೆತರೆ ಮತ್ತೆ ಬರುತ್ತದೆ. ಮಗಳು ಪ್ರಸಾದ ತಿನ್ನದೆ ಓಡಿದ್ದಕ್ಕೆ ಗಂಡನಿದ್ದ ಹಡಗೇ ಕಾಣೆಯಾಗುತ್ತದೆ. ತಪ್ಪು ನಡೆದದ್ದು ಬಾಯಲ್ಲಿ, ಶಿಕ್ಷೆ ಬಿದ್ದದ್ದು ಬದುಕಿಗೆ. ಗುಣವಾದ ಕಥೆಯಲ್ಲಿ ಮದುವೆ ಮನೆಯ ಊಟ ಇದೇ ಜಾಗದಲ್ಲಿ ಕೂತಿದೆ.

ವ್ರತಕಥೆಯನ್ನು ಸುಳ್ಳು ಅಂತ ತೋರಿಸಲು ಆಗುವುದೇ ಇಲ್ಲ. ಫಲ ಸಿಕ್ಕರೆ ದೇವರು ದೊಡ್ಡವನು, ಸಿಗದಿದ್ದರೆ ನಿನ್ನ ಆಚರಣೆಯಲ್ಲಿ ಲೋಪ. ದೊಡ್ಡವ್ವನ ಕೈ ಊದಿದಾಗ ನಾವು ಕೇಳಿದ ಮೊದಲ ಮಾತು ಯಾವುದು ಗೊತ್ತೆ? ‘ಏನಾದ್ರೂ ತಿಂದ್ಯಾ?’ ಅಂತ. ನೋವಿನಲ್ಲಿದ್ದ ಹೆಂಗಸನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿದೆವು. ಪೂರ್ವಜನ್ಮದ ಕರ್ಮ ಅಂತ ಪುರೋಹಿತಶಾಹಿ ಹೇಳುತ್ತಿತ್ತು. ನಿನ್ನೆಯ ಊಟದ ಕರ್ಮ ಅಂತ ನಾವು ಹೇಳಿದೆವು. ಜನ್ಮದ ಲೆಕ್ಕ ದಿನದ ಲೆಕ್ಕಕ್ಕೆ ಇಳಿಯಿತು ಅಷ್ಟೆ.

ಊಟದ ಬಗ್ಗೆ ಬರೆದವರೆಲ್ಲ ಹೀಗೇ ಬರೆದರು ಅಂತಲ್ಲ. ಗಾಂಧಿಯವರೊಂದಿಗೆ ನಮಗೆ ಜಗಳವಿದೆ, ಅದು ಬೇರೆ ಮಾತು. 1912ರಲ್ಲಿ ಅವರು ಹಾಲು ಬಿಟ್ಟರು. 1918ರಲ್ಲಿ ಹಾಸಿಗೆ ಹಿಡಿದು ಸಾಯುವಂತಾದಾಗ, ನಿಮ್ಮ ವ್ರತ ಹಸು ಎಮ್ಮೆಗಳ ಹಾಲಿಗೆ, ಮೇಕೆ ಹಾಲಿಗೇನು ಅಡ್ಡಿ ಅಂತ ಕೇಳಿದವರು ಕಸ್ತೂರಬಾ. ಗಾಂಧಿ ಕುಡಿದರು. ವ್ರತದ ಅಕ್ಷರ ಉಳಿಸಿಕೊಂಡೆ, ಅದರ ಜೀವ ಉಳಿಸಿಕೊಳ್ಳಲಿಲ್ಲ ಅನ್ನುವ ಅರ್ಥದಲ್ಲಿ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಸೋಲನ್ನು ಬರೆದಿಡುವ ಈ ಪ್ರಾಮಾಣಿಕತೆ ಈವತ್ತಿನ ಗುಣವಾದ ಕಥೆಗಳಲ್ಲಿ ನಮಗೆ ಕಾಣಲಿಲ್ಲ. ಸೋತವರು ಪುಸ್ತಕ ಬರೆಯುವುದಿಲ್ಲ. ದೊಡ್ಡವ್ವ ಬರೆಯುವುದಿಲ್ಲ. ಗೆದ್ದವರ ಕಥೆಗಳು ಮಾತ್ರ ಅಚ್ಚಾಗಿ ಬರುವ ಲೋಕದಲ್ಲಿ ಎಲ್ಲರೂ ಗೆದ್ದಂತೆಯೇ ಕಾಣುತ್ತದೆ.

2

ಹಾಗಾದರೆ ಇದೆಲ್ಲ ಬರೀ ಮೋಸವೆ? ನಮ್ಮ ಗೆಳೆಯರು ಕೆಲವರು ಹಾಗೇ ಅನ್ನುತ್ತಾರೆ: ‘ಇದು ಮೇಲ್ಜಾತಿಯವರ ಹುನ್ನಾರ, ಬಿಸಾಕಿ.’ ಈ ಮಾತನ್ನು ನಾವು ಒಪ್ಪುವುದಿಲ್ಲ. ಓದದೆ ನಂಬುವುದು ಎಷ್ಟು ತಪ್ಪೋ ಓದದೆ ಬಿಸಾಕುವುದೂ ಅಷ್ಟೇ ತಪ್ಪು. ಈ ಕಥೆಗಳ ಹಿಂದೆ ಬೇರೊಂದು ಬರವಣಿಗೆ ಇದೆ. ಅದು ವೈದ್ಯರ ಪ್ರಯೋಗಗಳ ವರದಿ.

ಮೊದಲು ಕಾಯಿಲೆಯನ್ನು ತಿಳಿಯೋಣ. ಹೊರಗಿನಿಂದ ಬಂದ ರೋಗಾಣುವಿನ ಮೇಲೆ ಬೀಳಬೇಕಾದ ಮೈಯ ಕಾವಲು ಪಡೆ, ತನ್ನದೇ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಊತ, ನೋವು, ಬೆಳಗಿನ ಬಿಗಿತ. ಬಿಟ್ಟರೆ ಮೂಳೆಯನ್ನೇ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಕಾಯಿಲೆ ಶುರುವಾದ ಮೊದಲ ತಿಂಗಳುಗಳಲ್ಲೇ ಸರಿಯಾದ ಔಷಧಿ ಸಿಕ್ಕರೆ ಕೀಲು ಉಳಿಯುತ್ತದೆ.

1991ರಲ್ಲಿ ನಾರ್ವೆಯ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 53 ರೋಗಿಗಳು. 27 ಜನರಿಗೆ ಪಥ್ಯ, 26 ಜನರಿಗೆ ಮಾಮೂಲಿ ಊಟ. ಪಥ್ಯದವರು ಮೊದಲು 7ರಿಂದ 10 ದಿನ ತರಕಾರಿ ಸಾರು, ರಸಗಳ ಮೇಲಿದ್ದರು. ಆಮೇಲೆ ಮೂರೂವರೆ ತಿಂಗಳು ಹಾಲೂ ಇಲ್ಲದ, ಗೋಧಿಯೂ ಇಲ್ಲದ ಸಸ್ಯದೂಟ; ನಂತರ ಹಾಲು ಸೇರಿದ ಸಸ್ಯಾಹಾರ. ಒಂದು ವರ್ಷದ ಕೊನೆಗೂ ಪಥ್ಯದವರಲ್ಲಿ ಸುಧಾರಣೆ ಉಳಿದಿತ್ತು. 2001ರಲ್ಲಿ ಸ್ವೀಡನ್ನಿನ ವರದಿ ಬಂತು. ಸಸ್ಯದೂಟದ ಗುಂಪಿನಲ್ಲಿ 38 ಜನ. ಒಂಬತ್ತು ತಿಂಗಳಾದರೂ ನಿಂತವರು 22. ಅವರಲ್ಲಿ ಸ್ಪಷ್ಟ ಸುಧಾರಣೆ ಕಂಡವರು 9. ಮಾಮೂಲಿ ಊಟದ ಗುಂಪಿನಲ್ಲಿ ಸುಧಾರಿಸಿದವರು ಒಬ್ಬರು. ಆದರೆ ಎಕ್ಸ್‌ರೇ ತೆಗೆದಾಗ ಕೀಲು ಸವೆಯುವುದು ಎರಡೂ ಗುಂಪಿನಲ್ಲಿ ನಿಂತಿರಲಿಲ್ಲ. ಈ ಒಂದು ಸಾಲು ನಮ್ಮ ಕಿರುಪುಸ್ತಕದಲ್ಲಿ ಇದ್ದಿದ್ದರೆ ದೊಡ್ಡವ್ವನ ಬೆರಳು ಉಳಿಯುತ್ತಿತ್ತೇನೊ. ನೋವು ಇಳಿಯುವುದೇ ಬೇರೆ, ಮೂಳೆ ಉಳಿಯುವುದೇ ಬೇರೆ.

2022ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಿಂದ ಇನ್ನೊಂದು ವರದಿ. 44 ಜನ ಸೇರಿದರು, 32 ಜನ ಮುಗಿಸಿದರು. ನಾಲ್ಕು ವಾರ ಎಣ್ಣೆ ಕಡಿಮೆಯ ಪೂರ್ತಿ ಸಸ್ಯದೂಟ, ಮೂರು ವಾರ ಇನ್ನಷ್ಟು ಪದಾರ್ಥ ತೆಗೆಯುವುದು, ಒಂಬತ್ತು ವಾರ ತೆಗೆದದ್ದನ್ನು ಒಂದೊಂದಾಗಿ ಮರಳಿ ಸೇರಿಸುವುದು. 28 ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಹಾಕುವ ರೋಗದ ಅಂಕ ಪಥ್ಯದ ಕಾಲದಲ್ಲಿ ಸರಾಸರಿ 2 ಇಳಿಯಿತು, ಹುಸಿ ಮಾತ್ರೆಯ ಕಾಲದಲ್ಲಿ 0.3. ಇದು ಸಣ್ಣ ಸಂಗತಿಯಲ್ಲ. ಆದರೆ ಇದನ್ನು ನಡೆಸಿದವರು ಸಸ್ಯಾಹಾರವನ್ನು ಪ್ರಚಾರ ಮಾಡುವ ವೈದ್ಯರ ಸಂಸ್ಥೆಯವರು ಅನ್ನುವುದನ್ನೂ ಓದುಗ ತಿಳಿದಿರಬೇಕು. 2009ರಲ್ಲಿ ಕಾಕ್ರೇನ್ ಪರಿಶೀಲನೆಯವರು ಅಲ್ಲಿಯವರೆಗಿನ 15 ಪ್ರಯೋಗ, 837 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿ, ಪರಿಣಾಮ ಅನಿಶ್ಚಿತ, ಅರ್ಧಕ್ಕೆ ಬಿಟ್ಟುಹೋಗುವವರು ಹೆಚ್ಚು, ತೂಕ ಇಳಿಯುವುದನ್ನು ಕಡೆಗಣಿಸಬಾರದು ಎಂದರು.

ಈ ವರದಿಗಳಲ್ಲಿ ರಸವಿಲ್ಲ, ಅಲಂಕಾರವಿಲ್ಲ. ಆದರೂ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಇವುಗಳಿಂದ ಕಲಿಯುವುದಿದೆ. ಬಿಟ್ಟುಹೋದವರನ್ನು ಇಲ್ಲಿ ಎಣಿಸುತ್ತಾರೆ. ಸೋತವರಿಗೂ ಒಂದು ಸಾಲು ಕೊಡುತ್ತಾರೆ. ಪಥ್ಯವನ್ನು ಮಾತ್ರೆಯ ಜಾಗದಲ್ಲಿ ನಿಲ್ಲಿಸಿ ನೋಡಿದ ಪ್ರಯೋಗಗಳೂ ಇವಲ್ಲ. ಮಾತ್ರೆ ಎಸೆಯುವ ದೃಶ್ಯವನ್ನು ಸೇರಿಸಿದವರು ಕಥೆಗಾರರು.

3

ಇಲ್ಲಿ ಒಂದು ಮುಖ್ಯ ಮಾತಿದೆ. ಈ ಪಥ್ಯಕ್ಕೆ ಎರಡು ಅರ್ಧಗಳಿವೆ: ತೆಗೆಯುವುದು ಒಂದರ್ಧ, ಮರಳಿ ಸೇರಿಸುವುದು ಇನ್ನೊಂದರ್ಧ. ನಾರ್ವೆಯಲ್ಲಿ ಎರಡು ದಿನಕ್ಕೊಂದು ಪದಾರ್ಥವನ್ನು ಸೇರಿಸಿ, ನೋವು ಊತ ಹೆಚ್ಚಿದರೆ ಅದನ್ನು ಕನಿಷ್ಠ ಒಂದು ವಾರ ನಿಲ್ಲಿಸಿ, ಮತ್ತೆ ಕೊಟ್ಟು ನೋಡಿದರು. ಎರಡನೇ ಸಲವೂ ಹಾಗೇ ಆದರೆ ಮಾತ್ರ ಆ ಪದಾರ್ಥ ತಪ್ಪಿತಸ್ಥ. ಮೇಲ್ಮನವಿಗೆ ಅವಕಾಶ ಇಟ್ಟ ವಿಚಾರಣೆ ಇದು. ತಪ್ಪು ಸಾಬೀತಾಗದ ಪದಾರ್ಥ ತಟ್ಟೆಗೆ ಮರಳಬೇಕು.

ನಾವು ಓದಿದ ಕಿರುಪುಸ್ತಕದಲ್ಲಿ ತೆಗೆಯುವುದಕ್ಕೆ ಮೂವತ್ತು ಪುಟ, ಮರಳಿ ಸೇರಿಸುವುದಕ್ಕೆ ಒಂದು ಸಾಲೂ ಇರಲಿಲ್ಲ. ಇದು ಮರೆವು ಅಂತ ನಮಗೆ ಅನಿಸುವುದಿಲ್ಲ. ಹೊರಗೆ ಹಾಕುವುದನ್ನು ಬಲ್ಲ, ಒಳಗೆ ಕರೆದುಕೊಳ್ಳುವುದನ್ನು ಅರಿಯದ ಸಮಾಜ ತನಗೆ ಗೊತ್ತಿರುವ ಅರ್ಧವನ್ನು ಮಾತ್ರ ಅನುವಾದ ಮಾಡಿಕೊಳ್ಳುತ್ತದೆ.

ಇನ್ನೂ ತಮಾಷೆ ನೋಡಿ. ನಾರ್ವೆ, ಸ್ವೀಡನ್, ವಾಷಿಂಗ್ಟನ್ ಮೂರೂ ಕಡೆ ಮಾಂಸದ ಜತೆ ಹಾಲನ್ನೂ ತೆಗೆದಿದ್ದರು. ನಮ್ಮ ಕಿರುಪುಸ್ತಕಕ್ಕೆ ಬರುವಷ್ಟರಲ್ಲಿ ಮಾಂಸ ಮೊಟ್ಟೆ ‘ತಾಮಸ’ ಅಂತ ಹೊರಗೆ ನಿಂತವು, ಹಸುವಿನ ತುಪ್ಪ ‘ಸಾತ್ವಿಕ’ ಅಂತ ಮೆಲ್ಲಗೆ ಒಳಗೆ ಬಂದು ಕೂತಿತು. ವಿಜ್ಞಾನ ಗಡಿ ದಾಟುವಾಗ ಜನಿವಾರ ಹಾಕಿಸಿಕೊಂಡಿತು. ಮಾಂಸದ ತಟ್ಟೆಗೂ ಅಸ್ಪೃಶ್ಯತೆಗೂ ಇರುವ ನಂಟನ್ನು ಅಂಬೇಡ್ಕರ್ 1948ರಲ್ಲೇ ‘ದಿ ಅನ್‌ಟಚಬಲ್ಸ್’ ಕೃತಿಯಲ್ಲಿ ಬಿಡಿಸಿಟ್ಟರು. ಇಲ್ಲಿ ‘ಶುದ್ಧ’ ಅನ್ನುವ ಪದ ಊಟದ ಪಕ್ಕ ಬಂದರೆ ಅದು ಬರೀ ಊಟದ ಮಾತಾಗಿ ಉಳಿಯುವುದಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾ ಮಕ್ಕಳಿಗೆ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಎದ್ದ ಮಠಾಧೀಶರ ಕೂಗನ್ನು ನಾವು ಮರೆತಿಲ್ಲ. ಆ ಮಕ್ಕಳು ಮೊಟ್ಟೆಯನ್ನು ಕೇಳಿ ಪಡೆದು ತಿಂದರು. ಅದನ್ನೂ ಮರೆತಿಲ್ಲ.

ಈಗ ದೊಡ್ಡವ್ವನ ಪ್ರಶ್ನೆಗೆ ಬರೋಣ. ಬಿಡಲು ತಟ್ಟೆಯಲ್ಲಿ ಏನಿತ್ತು? ಮುದ್ದೆ, ಬಸ್ಸಾರು, ಹುರುಳಿಕಾಳು, ಬೇಲಿ ಸೊಪ್ಪು. ವಾರದಲ್ಲಿ ಆರು ದಿನ ನಮ್ಮ ಹಟ್ಟಿ ತಿಂದದ್ದು ಪರದೇಶದ ಪುಸ್ತಕ ಹೇಳುವ ಸಸ್ಯದೂಟವನ್ನೇ. ಯಾವ ಗುರುವೂ ಉಪದೇಶಿಸಲಿಲ್ಲ, ಬಡತನ ಉಪದೇಶಿಸಿತು. ಬಾಡು ಬಂದದ್ದು ಹಬ್ಬಕ್ಕೆ, ತಿಥಿಗೆ, ನೆಂಟರು ಬಂದಾಗ. ರಾಗಿಯಲ್ಲಿ ಗ್ಲೂಟೆನ್ ಇಲ್ಲ. ನಮ್ಮಜ್ಜಿಗೆ ಆ ಪದ ಗೊತ್ತಿರಲಿಲ್ಲ. ನಮ್ಮ ತಟ್ಟೆಯಲ್ಲಿದ್ದಾಗ ನವಣೆ, ಸಾಮೆ, ಹಾರಕಗಳ ಹೆಸರು ತೃಣಧಾನ್ಯ. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಹುಲ್ಲು ಸಿರಿಯಾದದ್ದು ಉಳ್ಳವರ ತಟ್ಟೆ ಏರಿದ ಮೇಲೆ.

ವಾಷಿಂಗ್ಟನ್ನಿನ ಪಥ್ಯದವರ ತೂಕ ಸರಾಸರಿ ಆರೂವರೆ ಕಿಲೋ ಇಳಿಯಿತು. ಅಲ್ಲಿ ಅದು ಲಾಭ. ನಲವತ್ತೆರಡು ಕಿಲೋ ಇರುವ ದೊಡ್ಡವ್ವನ ಮೈಯಿಂದ ಆರೂವರೆ ಕಿಲೋ ತೆಗೆದರೆ ಉಳಿಯುವುದೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ. ನರಕ್ಕೂ ರಕ್ತಕ್ಕೂ ಬೇಕಾದ ಬಿ12 ಜೀವಸತ್ವ ಗಿಡಗಳಲ್ಲಿ ಸಿಗುವುದಿಲ್ಲ. ಪೂರ್ತಿ ಸಸ್ಯದೂಟ ಮಾಡುವವರು ಅದನ್ನು ಮಾತ್ರೆಯಲ್ಲಿ ತೆಗೆದುಕೊಳ್ಳಲೇಬೇಕು. ನಮ್ಮವರ ತಟ್ಟೆಗೆ ಅದು ಬರುತ್ತಿದ್ದದ್ದು ಊರಿನವರು ಮೂಗು ಮುಚ್ಚಿಕೊಂಡ ಈಲಿ, ಬೋಟಿ, ರಕ್ತದ ಲಾಕಿಯಿಂದ. ಹಬ್ಬಕ್ಕೊಮ್ಮೆ ಬರುವ ಅದನ್ನೂ ಕ್ಯಾಲೆಂಡರಿನ ಹಿಂದೆ ಬರೆದು ಹೊಡೆದು ಹಾಕಿದವರು ನಾವು.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸೇರಿ ಒಂದೇ ರಾತ್ರಿ ತಿಂದು ಮುಗಿಸುತ್ತಾರೆ. ಅದೂ ಸಸ್ಯದೂಟವೇ. ಆ ಪುಟಗಳನ್ನು ಒಂದು ಕೈಯಲ್ಲಿ, ಗುಣವಾದ ಕಥೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನೋಡಿ. ಒಂದರಲ್ಲಿ ಹಸಿವು ಇದೆ, ಮನೆಮಂದಿ ಇದ್ದಾರೆ, ನಾಳೆಯ ಭಯ ಇದೆ. ಇನ್ನೊಂದರಲ್ಲಿ ಒಬ್ಬಳೇ ಹೆಂಗಸು ಮತ್ತು ಅವಳ ತಟ್ಟೆ. ಆ ತಟ್ಟೆಗೆ ಪ್ರತ್ಯೇಕವಾಗಿ ಅಡಿಗೆ ಮಾಡಿದವರು ಯಾರು, ದುಡ್ಡು ಎಲ್ಲಿಂದ ಬಂತು, ಆಕೆ ಕೆಲಸಕ್ಕೆ ಹೋಗದ ದಿನ ಮನೆ ಹೇಗೆ ನಡೆಯಿತು, ಕಥೆಗೆ ಬೇಡ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದು ಮಂತ್ರಿ ಪದವಿ ಬಿಡಬೇಕಾಯಿತು. ಅವರ ಆ ಪದವನ್ನು ಈ ಪ್ರಕಾರಕ್ಕೆ ಬಳಸಲು ನಾವು ಹಿಂಜರಿಯುವುದಿಲ್ಲ.

4

ಇಷ್ಟು ಹೇಳಿ ನಮ್ಮ ಪಾಳೆಯದ ಮೇಲೂ ಒಂದು ಮಾತು ಹೇಳದಿದ್ದರೆ ಇದು ವಿಮರ್ಶೆಯಾಗುವುದಿಲ್ಲ. ತನ್ನವರನ್ನೇ ಹೊರಗಿನವರೆಂದು ಬಗೆದು ಇರಿಯುವ ಈ ಕಾಯಿಲೆಯ ವಿವರ ಕೇಳಿದ ಕೂಡಲೇ ನಮ್ಮೊಳಗಿನ ಕವಿಗೆ ಜಾತಿಯ ಪ್ರತಿಮೆ ಹೊಳೆಯಿತು. ಅವತ್ತೇ ರಾತ್ರಿ ಒಂದು ಪದ್ಯವನ್ನೂ ಬರೆದೆವು. ಬೆಳಗ್ಗೆ ದೊಡ್ಡವ್ವ ಸೀರೆಯ ಗಂಟು ಬಿಗಿಯಲಾರದೆ ಸೊಸೆಯನ್ನು ಕೂಗುತ್ತಿದ್ದಳು. ಪದ್ಯ ಹರಿದೆವು. ಆಕೆಯ ಬೆರಳು ನಮ್ಮ ಪ್ರತಿಮೆಗೆ ಕಚ್ಚಾಮಾಲು ಆಗಬಾರದು. ಕೀಲುನೋವನ್ನು ಪಾಪದ ಫಲವಾಗಿಸುವವರಿಗೂ ಅದನ್ನು ಪ್ರತಿಮೆಯಾಗಿಸುವ ನಮಗೂ ಒಂದು ಹೋಲಿಕೆ ಇದೆ: ಇಬ್ಬರಿಗೂ ನೋವು ಅನುಭವಿಸುವವಳು ಮುಖ್ಯವಲ್ಲ.

ಆಮೇಲೆ ಏನಾಯಿತು ಅಂತ ಕೇಳುತ್ತೀರಿ. ದೊಡ್ಡವ್ವನನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾತ್ರೆ ಮತ್ತೆ ಶುರುವಾಯಿತು. ವಾರಕ್ಕೆ ಒಂದೇ ದಿನ ನುಂಗಬೇಕು, ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಅನ್ನುವುದನ್ನು ಈ ಸಲ ಕೇಳಿ ಬರೆದುಕೊಂಡೆವು. ಊಟದ ಪರೀಕ್ಷೆಯನ್ನೂ ಬಿಡಲಿಲ್ಲ. ಡಾಕ್ಟರಿಗೆ ಹೇಳಿ, ಮಾತ್ರೆ ನಿಲ್ಲಿಸದೆ, ಎರಡೂ ಅರ್ಧಗಳನ್ನು ಮಾಡಿದೆವು. ಒಂದೊಂದೇ ಪದಾರ್ಥ ತೆಗೆದು, ಮರಳಿ ಸೇರಿಸಿ, ಬೆಳಗಿನ ಬಿಗಿತ ಎಷ್ಟು ಹೊತ್ತು ಇತ್ತು ಅಂತ ನೋಟ್‌ಬುಕ್ಕಿನಲ್ಲಿ ಬರೆದೆವು. ಮೂರು ತಿಂಗಳ ಲೆಕ್ಕದಲ್ಲಿ ಯಾವ ಪದಾರ್ಥದ ಮೇಲೂ ತಪ್ಪು ಹೊರಿಸಲಾಗಲಿಲ್ಲ. ಬೇರೆಯವರ ಲೆಕ್ಕದಲ್ಲಿ ಸಿಗಬಹುದು. ಸಿಕ್ಕವರು ಬಿಡಲಿ, ಅವರಿಗೆ ಒಳ್ಳೆಯದಾಗಲಿ.

ಆದರೆ ಆ ನೋಟ್‌ಬುಕ್ಕಿನಲ್ಲಿ ನಾವು ಹುಡುಕದೇ ಇದ್ದ ಒಂದು ಸಂಗತಿ ಎದ್ದು ಕಂಡಿತು. ಬಿಗಿತ ಎರಡು ಗಂಟೆ ಮೀರಿದ ದಿನಗಳೆಲ್ಲ ಹಿಂದಿನ ದಿನ ಆಕೆ ಕೆಸರಿನಲ್ಲಿ ನಿಂತು ಕಳೆ ಕಿತ್ತ ದಿನಗಳು. ಬಿಡಬೇಕಾದ್ದು ಅದು. ಯಾವ ಪುಸ್ತಕದ ಪಟ್ಟಿಯಲ್ಲೂ ಕೂಲಿಯ ಹೆಸರಿಲ್ಲ. ‘ಅದ ಬುಟ್ರೆ ಉಣ್ಣಾದೇನ?’ ಅಂದಳು ದೊಡ್ಡವ್ವ. ಈ ಸಲ ನಾವು ನಗಲಿಲ್ಲ.

ಆದ್ದರಿಂದ ಗೆಳೆಯರೆ, ಹಳ್ಳಿ ಶಾಲೆಯ ಮೇಷ್ಟ್ರುಗಳೆ, ಇಂಥ ಪುಸ್ತಕವನ್ನು ಓದಿ ಹೇಳಿ ಅಂತ ಯಾರಾದರೂ ನಿಮ್ಮ ಮುಂದೆ ಇಟ್ಟರೆ ಓದಿ. ಓದಿ ಮೂರು ಪ್ರಶ್ನೆ ಕೇಳಿ. ಅರ್ಧಕ್ಕೆ ಬಿಟ್ಟವರು ಎಷ್ಟು ಜನ? ತೆಗೆದದ್ದನ್ನು ಮರಳಿ ಸೇರಿಸುವುದು ಯಾವ ಪುಟದಲ್ಲಿದೆ? ಇದು ಯಾರ ತಟ್ಟೆಯನ್ನು ನೋಡಿ ಬರೆದದ್ದು? ಮಾತ್ರೆ ಬಿಡಿ ಅನ್ನುವ ಸಾಲು ಕಂಡರೆ ಅಲ್ಲೇ ನಿಲ್ಲಿಸಿ. ತಾಲ್ಲೂಕು ಆಸ್ಪತ್ರೆಯಲ್ಲೇ ಕೀಲು ಮುಟ್ಟಿ ನೋಡುವ ಡಾಕ್ಟರು, ಬಿಟ್ಟಿ ಮಾತ್ರೆ, ಬಿಟ್ಟಿ ರಕ್ತ ಪರೀಕ್ಷೆ, ರೇಷನ್ನಿನಲ್ಲಿ ಕಾಳು, ಕೈ ಮಡಿಸಲಾಗದ ಕೂಲಿ ಹೆಂಗಸಿಗೆ ಪಿಂಚಣಿ, ಇವುಗಳನ್ನು ಕೇಳುವ ಅರ್ಜಿಯನ್ನೂ ಅದೇ ಜಗಲಿಯಲ್ಲಿ ಕೂತು ಬರೆಯೋಣ.

ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತೆವು. ಅದರ ಜಾಗದಲ್ಲಿ ಈಗ ನೋಟ್‌ಬುಕ್ಕು ತೂಗುಹಾಕಿದೆ. ಬೆಳಗಿನ ಬಿಗಿತದ ಲೆಕ್ಕ ಇನ್ನೂ ನಡೆಯುತ್ತಿದೆ. ಕಳೆದ ವಾರದ ಸರಾಸರಿ ಮುಕ್ಕಾಲು ಗಂಟೆ.